ಒಂದೇ ಮೇಜಿನ ಊಟ

ಆಗಿನ ಕಾಲದಲ್ಲಿ ಗಂಡ ಹೆಂಡಿರು ಬೇರೆಯಾಗಲು ಇದ್ದ ಕಾನೂನಿಗೆ ಜನ ಇಟ್ಟಿದ್ದ ಹೆಸರು ‘ಹಾಸಿಗೆ-ಮೇಜು’. ಪುಸ್ತಕದಲ್ಲಿ ಅದಕ್ಕೆ ಉದ್ದನೆಯ ಇನ್ನೊಂದು ಹೆಸರಿತ್ತು, ಯಾರಿಗೂ ನಾಲಿಗೆ ತಿರುಗುತ್ತಿರಲಿಲ್ಲ. ವಿಷಯ ಇಷ್ಟೇ: ಹೆಂಡತಿ ಕೋರ್ಟಿನ ಮೆಟ್ಟಿಲು ಹತ್ತಿದ ಕೂಡಲೇ ಬಿಡುಗಡೆ ಸಿಗುತ್ತಿರಲಿಲ್ಲ. ಮೊದಲು ಮೂರು ವರ್ಷ ಇಬ್ಬರೂ ಹಾಸಿಗೆ ಬೇರೆ, ಊಟದ ಮೇಜು ಬೇರೆ ಮಾಡಿಕೊಂಡು ಇರಬೇಕು. ಆ ಮೂರು ವರ್ಷದಲ್ಲಿ ಒಂದೇ ಒಂದು ರಾತ್ರಿ ಒಂದು ಸೂರಿನಡಿ ಮಲಗಿದರೂ, ಒಂದೇ ಒಂದು ಹೊತ್ತು ಒಂದು ಮೇಜಿನಲ್ಲಿ ಕೂತು ಉಂಡರೂ ಮುಗಿಯಿತು. ಹೆಂಡತಿ ಗಂಡನನ್ನು ಕ್ಷಮಿಸಿದ್ದಾಳೆ ಎಂದು ಕಾನೂನು ತಾನೇ ತೀರ್ಮಾನ ಮಾಡಿಬಿಡುತ್ತಿತ್ತು. ಕ್ಷಮಿಸಿದ ಮೇಲೆ ಹಳೆಯ ದೂರನ್ನು ಮತ್ತೆ ಎತ್ತುವ ಹಾಗಿಲ್ಲ, ಗಂಟುಮೂಟೆ ಕಟ್ಟಿಕೊಂಡು ಗಂಡನ ಮನೆಗೆ ಹೋಗಬೇಕು. ಹೋಗುವುದಿಲ್ಲ ಎಂದರೆ ಕೋರ್ಟಿನ ಅಮೀನ ಬಂದು ಕರೆದುಕೊಂಡು ಹೋಗಿ ಬಿಟ್ಟು ಬರುತ್ತಿದ್ದ. ಇದನ್ನು ಬರೆದ ಮಹಾನುಭಾವರು ಯಾರ ಜೊತೆ ಕೂತು ಉಣ್ಣುತ್ತಿದ್ದರೋ ಗೊತ್ತಿಲ್ಲ, ಅವರ ಹೊಟ್ಟೆ ತಣ್ಣಗಿರಲಿ.

ಲಾಂಡ್ರಿಯ ಇಸ್ತ್ರಿಯವಳು ಈ ಮೂರು ವರ್ಷದ ಬಹುಪಾಲನ್ನು ಚೊಕ್ಕವಾಗಿ ದಾಟಿಬಿಟ್ಟಿದ್ದಳು. ಇನ್ನು ಒಂದು ಚಳಿಗಾಲ ಕಳೆದರೆ ಸಾಕಿತ್ತು. ಲಾಂಡ್ರಿಯ ಮೇಲಿನ ಸಣ್ಣ ಕೋಣೆಯಲ್ಲಿ ಅವಳ ವಾಸ, ಕೆಳಗೆ ಉದ್ದನೆಯ ಹಲಗೆಯ ಮುಂದೆ ನಿಂತು ಬೆಳಗಿನಿಂದ ಸಂಜೆಯವರೆಗೆ ಕೆಲಸ. ಒದ್ದೆ ಕೈಯಿಂದ ಬಟ್ಟೆಗೆ ನೀರು ಚಿಮುಕಿಸಿ, ಸುತ್ತಿಟ್ಟು, ಇದ್ದಿಲಿನ ಪೆಟ್ಟಿಗೆ ಹದವಾಗಿ ಕಾದಿದೆಯೇ ಎಂದು ಕೆನ್ನೆಯ ಹತ್ತಿರ ಹಿಡಿದು ನೋಡಿ, ಆಮೇಲೆ ಒತ್ತುತ್ತಿದ್ದಳು. ಕೋರ್ಟಿನವರ ಕರಿಕೋಟು, ಬಿಳಿ ಕಾಲರುಗಳೆಲ್ಲ ಅಲ್ಲಿಗೇ ಬರುತ್ತಿದ್ದವು. ತನ್ನ ಹಣೆಬರಹ ಬರೆಯುವ ನ್ಯಾಯಾಧೀಶರ ಕಾಲರಿಗೆ ಪ್ರತಿ ಸೋಮವಾರ ತಾನೇ ಗಂಜಿ ಹಾಕುತ್ತೇನೆ ಎಂದು ಅವಳು ಹೇಳಿದಾಗ ಲಾಂಡ್ರಿ ಯಜಮಾನಿ ಬಿದ್ದು ಬಿದ್ದು ನಕ್ಕಿದ್ದಳು. “ಸ್ವಲ್ಪ ಗಟ್ಟಿಯಾಗೇ ಹಾಕು, ಆ ಮನುಷ್ಯ ಕತ್ತು ನೆಟ್ಟಗಿಟ್ಕೊಂಡು ಕೇಸು ಕೇಳಲಿ. ಒಂದು ಮಾತು ಹೇಳ್ತೀನಿ ಕೇಳು, ಮದುವೆ ಬಿಡಿಸ್ಕೊಳ್ಳೋದಕ್ಕಿಂತ ಶಾಯಿ ಕಲೆ ಬಿಡಿಸೋದು ಸುಲಭ.”

ಶಾಯಿ ಕಲೆಯ ಮಾತು ಬಂದರೆ ಇಸ್ತ್ರಿಯವಳಿಗೆ ಗಂಡನ ಬೆರಳು ನೆನಪಾಗುತ್ತಿತ್ತು. ಅವಳ ಗಂಡ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವವನು. ಅವನು ಕುಡಿಯುವವನಲ್ಲ, ಹೊಡೆಯುವವನಲ್ಲ, ಬೇರೆ ಹೆಣ್ಣಿನ ಕಡೆ ಕಣ್ಣೆತ್ತಿ ನೋಡಿದವನಲ್ಲ. ಬೀದಿಯವರ ಬಾಯಲ್ಲಿ ಚಿನ್ನದಂಥ ಮನುಷ್ಯ. ಆ ಚಿನ್ನದಂಥ ಮನುಷ್ಯ ಬೆಳಗ್ಗೆ ಕೆಲಸಕ್ಕೆ ಹೋಗುವಾಗ ಮನೆಗೆ ಹೊರಗಿನಿಂದ ಬೀಗ ಹಾಕಿ ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗುತ್ತಿದ್ದ. ಮದುವೆಯಾದ ಮರುವರ್ಷ ಶುರುವಾದದ್ದು, ಅವಳು ಆ ಮನೆ ಬಿಡುವವರೆಗೂ ನಡೆಯಿತು. ಯಾಕೆ ಎಂದು ಕೇಳಿದರೆ “ಕಾಲ ಸರಿಯಿಲ್ಲ” ಎನ್ನುತ್ತಿದ್ದ. ಮತ್ತೆ ಕೇಳಿದರೆ ವಾರಗಟ್ಟಲೆ ಮಾತು ಬಿಡುತ್ತಿದ್ದ.

ಒಳಗೆ ಅವಳೊಬ್ಬಳೇ ಇರಲಿಲ್ಲ, ಅವನ ತಾಯಿಯೂ ಇದ್ದಳು. “ಕಳ್ಳರು ಬರ್ತಾರೆ ಅಂತ ಬೀಗ ಹಾಕ್ತಾನೆ ಕಣೇ” ಎಂದು ಅತ್ತೆ ನಗಿಸುತ್ತಿದ್ದಳು. “ನಮ್ಮಿಬ್ರನ್ನ ಕದ್ಕೊಂಡು ಹೋಗಿ ಏನ್ಮಾಡ್ತಾರೋ ಪಾಪ, ಅವರ ಕಷ್ಟ ಅವರಿಗೆ.” ಆ ಮನೆಯಲ್ಲಿ ಇಸ್ತ್ರಿಯವಳಿಗೆ ಹುಚ್ಚು ಹಿಡಿಯದೆ ಉಳಿದದ್ದು ಅತ್ತೆಯಿಂದ. ಮಧ್ಯಾಹ್ನವಾಯಿತೆಂದರೆ ಕಿಟಕಿಯ ಪಕ್ಕದ ಮೇಜಿನಲ್ಲಿ ಇಬ್ಬರೂ ಎದುರುಬದುರು ಕೂತು ಉಣ್ಣುತ್ತಿದ್ದರು. ಸೊಸೆ ಕೂರುವ ತನಕ ಅತ್ತೆ ಒಂದು ತುತ್ತೂ ಎತ್ತುತ್ತಿರಲಿಲ್ಲ. ಒಬ್ಬಳೇ ಉಂಡರೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ ಎನ್ನುವುದು ಅವಳ ವಾದ. ಜ್ವರ ಬಂದು ಮಲಗಿದ್ದ ಸೊಸೆಯನ್ನೂ ಎಬ್ಬಿಸಿ ಎದುರಿಗೆ ಕೂರಿಸಿಕೊಂಡು ಉಂಡವಳು ಅವಳು.

ಒಂದು ದಿನ ಪಕ್ಕದ ಮನೆಯ ಅಡುಗೆಕೋಣೆಗೆ ಬೆಂಕಿ ಬಿತ್ತು. ಗೋಡೆಯ ಸಂದಿಯಿಂದ ಹೊಗೆ ನುಗ್ಗಿತು. ಬಾಗಿಲಿಗೆ ಹೊರಗಿನಿಂದ ಬೀಗ, ಕಿಟಕಿಗೆ ಸರಳು. ಇಬ್ಬರು ಹೆಂಗಸರೂ ಬಾಗಿಲು ಬಡಿದು ಬಡಿದು ಕೈ ಊದಿಸಿಕೊಂಡ ಮೇಲೆ ಎದುರು ಮನೆಯ ದರ್ಜಿ ಹಾರೆ ತಂದು ಬೀಗ ಒಡೆದ. ಸಂಜೆ ಮಗ ಬಂದವನೇ ತಾಯಿಯ ಮುಖ ನೋಡಲಿಲ್ಲ, ಹೆಂಡತಿಯ ಮುಖ ನೋಡಲಿಲ್ಲ, ಮುರಿದ ಬೀಗವನ್ನು ಕೈಯಲ್ಲಿ ಹಿಡಿದು ನೋಡಿದ. ಮರುದಿನ ಹೊಸ ಬೀಗ ತಂದ. ಅದನ್ನು ಹಾಕುವ ಮೊದಲೇ ಇಸ್ತ್ರಿಯವಳು ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟು ಹೊರಟಳು.

ಕೋರ್ಟಿನಲ್ಲಿ ಅವಳ ಕೇಸು ನಿಲ್ಲುವಂತೆಯೇ ಇರಲಿಲ್ಲ. ಹೊಡೆತ, ಪರಸ್ತ್ರೀ, ಬಿಟ್ಟು ಓಡಿಹೋಗುವುದು, ಕಾನೂನಿನಲ್ಲಿ ಇದ್ದ ಕಾರಣಗಳು ಇಷ್ಟೇ. ಹೆಂಡತಿ ಎಲ್ಲಿದ್ದಾಳೆಂದು ತಿಳಿದಿರುವುದು ಗಂಡನ ಹಕ್ಕು, ಆದ್ದರಿಂದ ಬೀಗ ಹಾಕುವುದು ತಪ್ಪಲ್ಲ. ಆಗ ಕಟಕಟೆ ಹತ್ತಿದವಳು ಅತ್ತೆ. ಹೆತ್ತ ಮಗನ ವಿರುದ್ಧ ಸಾಕ್ಷಿ ಹೇಳಿದಳು. “ಅವಳು ಅವನ ಹೆಂಡ್ತಿ ಸರಿ, ನಾನೇನು ಅವನ ಹೆಂಡ್ತೀನಾ? ನಂಗ್ಯಾಕೆ ಬೀಗ?” ಎಂದಾಗ ನ್ಯಾಯಾಧೀಶರ ತುಟಿಯೂ ಅರಳಿತಂತೆ. ಹೆತ್ತವಳನ್ನು ಕೂಡಿಹಾಕುವ ಹಕ್ಕು ಯಾವ ಪುಸ್ತಕದಲ್ಲೂ ಇರಲಿಲ್ಲ, ಹಾಸಿಗೆ-ಮೇಜಿನ ಆದೇಶ ಸಿಕ್ಕಿತು. ಅತ್ತೆ ಮಾತ್ರ ಮಗನ ಜೊತೆಗೇ ಮನೆಗೆ ನಡೆದಳು. ದಾರಿಯುದ್ದಕ್ಕೂ ಅವನು ಮುಂದೆ, ಅವಳು ಹಿಂದೆ. ಆಮೇಲೆ ಆ ಮನೆಗೆ ಬೀಗ ಬೀಳಲಿಲ್ಲ ಎಂದು ದರ್ಜಿ ಹೇಳುತ್ತಿದ್ದ. ಹೆಂಡತಿ ಇವತ್ತಲ್ಲ ನಾಳೆ ಬರುತ್ತಾಳೆ, ಬರಲೇಬೇಕು ಎಂದು ಅವನು ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದುದೂ ದರ್ಜಿಯಿಂದಲೇ ತಿಳಿಯುತ್ತಿತ್ತು.

ಚಳಿಗಾಲದ ಮೊದಲಲ್ಲಿ ಅದೇ ದರ್ಜಿ ಲಾಂಡ್ರಿಯ ಬಾಗಿಲಿಗೆ ಬಂದು ನಿಂತ. ಅತ್ತೆ ಹಾಸಿಗೆ ಹಿಡಿದಿದ್ದಾಳೆ, ಮೇಲೇಳುವ ಲಕ್ಷಣವಿಲ್ಲ, ಹಗಲೆಲ್ಲ ಒಬ್ಬಳೇ ಇರುತ್ತಾಳೆ, ಇಟ್ಟ ಊಟ ಇಟ್ಟಲ್ಲೇ ಇರುತ್ತದೆ.

ಇಸ್ತ್ರಿಯವಳು ವಕೀಲರ ಹತ್ತಿರ ಓಡಿದಳು. ಅವರು ಪ್ರತಿ ಮಾತನ್ನೂ ‘ಆದರೂ’ ಎಂದು ಮುಗಿಸುತ್ತಿದ್ದುದರಿಂದ ಕೋರ್ಟಿನ ಸುತ್ತಮುತ್ತ ಅವರಿಗೆ ‘ಆದರೂ ವಕೀಲರು’ ಎಂದೇ ಹೆಸರಾಗಿತ್ತು.

“ನೋಡೋಕೆ ಹೋಗಬಹುದಮ್ಮ, ಕಾನೂನು ಬೇಡ ಅನ್ನಲ್ಲ. ರಾತ್ರಿ ಇರಬೇಡಿ. ಆ ಮನೇಲಿ ಊಟ ಮಾಡ್ಬೇಡಿ, ನಿಮ್ಮ ಗಂಡ ಇಲ್ದಿದ್ರೂ ಅವರ ಮೇಜಲ್ಲಿ ಉಂಡ್ರೆ ಜೊತೆಗೆ ಉಂಡ ಲೆಕ್ಕವೇ.”

“ನೀರು ಕುಡೀಬಹುದಾ ಸ್ವಾಮಿ?”

“ನೀರಿನ ಬಗ್ಗೆ ಪುಸ್ತಕದಲ್ಲಿ ಏನೂ ಇಲ್ಲ. ಆದರೂ...”

ಅಂದಿನಿಂದ ಮಧ್ಯಾಹ್ನದ ಬಿಡುವಿನಲ್ಲಿ, ಗಂಡ ಅಚ್ಚುಕೂಟದಲ್ಲಿರುವ ಹೊತ್ತು ನೋಡಿ, ಅವಳು ಆ ಮನೆಗೆ ಹೋಗತೊಡಗಿದಳು. ಅತ್ತೆಯ ಮೈ ಒರೆಸಿ, ಹಾಸಿಗೆಯ ಮೇಲೆಯೇ ಒರಗಿಸಿ ಕೂರಿಸಿ, ಮೆತ್ತಗೆ ಬೇಯಿಸಿದ ಅನ್ನಕ್ಕೆ ಹಾಲು ಕಲಸಿ ತಿನ್ನಿಸಲು ನೋಡುತ್ತಿದ್ದಳು. ಎರಡು ತುತ್ತಿಗೆ ಅತ್ತೆ ತುಟಿ ಬಿಗಿಯುತ್ತಿದ್ದಳು. ಆಮೇಲೆ ಇಸ್ತ್ರಿಯವಳು ಹೊರಗೆ ಬಂದು, ಬೀದಿಯ ಮೆಟ್ಟಿಲ ಮೇಲೆ ಕೂತು, ತಾನು ತಂದ ಡಬ್ಬಿ ಬಿಚ್ಚಿ ಉಣ್ಣುತ್ತಿದ್ದಳು. ತೆರೆದ ಬಾಗಿಲಿನಿಂದ ಒಳಗಿನ ದನಿ ಕೇಳುತ್ತಿತ್ತು.

“ಏನ್ ತಂದಿದ್ದೀಯೇ ಇವತ್ತು?”

“ನಿನ್ನೆದೇ ಅತ್ತೆ.”

“ಆ ಮೆಟ್ಟಿಲು ಮನೆ ಒಳಗಿನ ಲೆಕ್ಕವೋ ಹೊರಗಿನ ಲೆಕ್ಕವೋ? ವಕೀಲರನ್ನ ಸರಿಯಾಗಿ ಕೇಳಿದ್ದೀಯಾ?”

ಬಾಯಲ್ಲಿ ತುತ್ತಿಟ್ಟುಕೊಂಡು ನಕ್ಕು ಅವಳಿಗೆ ನೆತ್ತಿಗೆ ಹತ್ತುತ್ತಿತ್ತು. ಎದುರು ಮನೆಯ ಕಿಟಕಿಯಲ್ಲಿ ಹೊಲಿಗೆ ಮಿಷನ್ನಿನ ಮುಂದೆ ಕೂತ ದರ್ಜಿಯೂ ತಲೆ ಬಗ್ಗಿಸಿ ನಗುತ್ತಿದ್ದ. ಆದರೆ ಒಳಗೆ ಅತ್ತೆ ದಿನದಿನಕ್ಕೆ ಕರಗುತ್ತಿದ್ದಳು. ತಾನು ಮೆಟ್ಟಿಲಿನ ಬದಲು ಆ ಮೇಜಿನಲ್ಲಿ ಕೂತು ಉಂಡರೆ ಅವಳೂ ಉಣ್ಣುತ್ತಾಳೆಂದು ಇಸ್ತ್ರಿಯವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮೆಟ್ಟಿಲ ಮೇಲೇ ಕೂರುತ್ತಿದ್ದಳು. ತನ್ನ ಮೇಲೆ ತನಗೇ ಅಸಹ್ಯ ಬರುತ್ತಿತ್ತು.

ಒಂದು ಮಧ್ಯಾಹ್ನ ಅವಳು ಹೋದಾಗ ಅತ್ತೆಯ ಕಣ್ಣಲ್ಲಿ ಬೆಳಕಿತ್ತು. ಬಹಳ ದಿನದ ಮೇಲೆ ತಲೆ ಬಾಚು ಎಂದಳು. ಕಿಟಕಿ ತೆಗೆ, ಗಾಳಿ ಬರಲಿ ಎಂದಳು. ಅವಳು ಜಡೆ ಹೆಣೆಯುತ್ತಿರುವಾಗ ಬಾಗಿಲಲ್ಲಿ ನೆರಳು ಬಿತ್ತು. ಗಂಡ ನಿಂತಿದ್ದ. ಅಚ್ಚುಕೂಟದ ಯಂತ್ರ ಕೆಟ್ಟು ಎಲ್ಲರನ್ನೂ ಮನೆಗೆ ಕಳಿಸಿದ್ದರಂತೆ. ಆದೇಶವಾದ ದಿನದಿಂದ ಅವನು ಅವಳ ಜೊತೆ ಒಂದು ಮಾತೂ ಆಡಿರಲಿಲ್ಲ. ಈಗಲೂ ಆಡಲಿಲ್ಲ. ಮೊಳೆ ಹಿಡಿದು ಹಿಡಿದು ಕಪ್ಪಾದ ಬೆರಳುಗಳನ್ನು ನೀರಿನಲ್ಲಿ ತೊಳೆಯುತ್ತಾ ಮೂಲೆಯಲ್ಲಿ ನಿಂತ. ಅವಳು ಜಡೆಯನ್ನು ಅರ್ಧಕ್ಕೇ ಬಿಟ್ಟು ಹೊರಡಲು ಎದ್ದಳು.

“ಎಲ್ಲಿಗೆ?” ಎಂದಳು ಅತ್ತೆ. “ನನ್ನ ಎಬ್ಬಿಸಿ ಮೇಜಿನ ಹತ್ರ ಕೂರ್ಸಿ. ಇಬ್ರೂ ಹಿಡ್ಕೊಳಿ, ಒಬ್ರ ಕೈಲಿ ಆಗಲ್ಲ.”

ಒಂದು ರಟ್ಟೆಯನ್ನು ಅವನು, ಇನ್ನೊಂದನ್ನು ಅವಳು ಹಿಡಿದು ಅತ್ತೆಯನ್ನು ಕಿಟಕಿಯ ಪಕ್ಕದ ಕುರ್ಚಿಗೆ ತಂದರು. ಮುದುಕಿ ಹೊರೆಯೇ ಅಲ್ಲದಂತೆ ಹಗುರವಾಗಿದ್ದಳು.

“ಮೂರು ತಟ್ಟೆ ಇಡು.”

“ಅತ್ತೆ, ಬೇಡ. ನಿಮಗೇ ಗೊತ್ತಲ್ಲ.”

“ಗೊತ್ತು. ಸಾಕ್ಷಿ ಹೇಳಿದ್ದು ನಾನೇ, ನಂಗೇ ಹೇಳಿಕೊಡ್ಬೇಡ. ಆ ಕೇಸು ನಿಮ್ಮಿಬ್ರದು. ಇದು ನನ್ನ ಊಟ.”

ಇಸ್ತ್ರಿಯವಳು ಗಂಡನ ಕಡೆ ನೋಡಿದಳು. ಈ ಕಾನೂನಿನ ಪುಸ್ತಕಕ್ಕೆ ಮೊಳೆ ಜೋಡಿಸಿದವನೇ ಅವನು. ಒಂದೊಂದು ಅಕ್ಷರವನ್ನೂ ಬೆರಳಲ್ಲಿ ಹಿಡಿದು ಸಾಲಿಗೆ ಕೂರಿಸಿದವನಿಗೆ ಈ ತಟ್ಟೆಯ ಅರ್ಥವೇನೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವನು ಮೇಜಿನ ಮೇಲೆ ಕಣ್ಣಿಟ್ಟು ಕುರ್ಚಿ ಎಳೆದು ಕೂತ. ಆಮೇಲೆ, ಇಷ್ಟು ಕಾಲದ ಮೇಲೆ ಮೊದಲ ಮಾತು ಆಡಿದ.

“ಕೂತ್ಕೋ.”

ಅತ್ತೆಯ ಕೈ ಮಡಿಲಲ್ಲೇ ಇತ್ತು. ಅವಳು ಕಾಯುತ್ತಿದ್ದಳು. ಕಾದು ಕಾದು ಸಾಕಾಗಿ ಹಾಸಿಗೆಗೆ ವಾಪಸು ಹೋಗುವವಳು, ಹೋದರೆ ಮತ್ತೆ ಏಳುವವಳಲ್ಲ. ಇಸ್ತ್ರಿಯವಳು ಹಿಂದೆ ಮುಂದೆ ನೋಡದೆ ಕೂತುಬಿಟ್ಟಳು. ಅನ್ನ ಬಡಿಸಿದಳು, ಹಾಲು ಹಾಕಿದಳು. ಅತ್ತೆ ಮೊದಲ ತುತ್ತು ಎತ್ತಿದ ಮೇಲೆ ತಾನೂ ಎತ್ತಿದಳು. ಹೊರಗೆ ಹೊಲಿಗೆ ಮಿಷನ್ನಿನ ಸದ್ದು ನಿಂತಿತು. ತಲೆ ಎತ್ತಿದರೆ ದರ್ಜಿ ಸೂಜಿಯನ್ನು ಬಿಟ್ಟು ಈ ಕಡೆಗೇ ನೋಡುತ್ತಿದ್ದ. ಆದರೂ ಅವಳ ಕೈ ನಿಲ್ಲಲಿಲ್ಲ.

ಅತ್ತೆ ಆ ದಿನ ಉಂಡದ್ದು ಒಂದು ಊಟವೇ ಸರಿ. ಉಪ್ಪು ಸಾಲದು ಎಂದಳು. ಮಗ ಎದ್ದು ಉಪ್ಪಿನ ಬಟ್ಟಲು ತಂದು ತಾಯಿಗೆ ಹಾಕಿ, ಬಟ್ಟಲನ್ನು ಹೆಂಡತಿಯ ಕೈಗೆ ಎಟುಕುವ ಹಾಗೆ ಸರಿಸಿಟ್ಟ. ತೀರಿಹೋದ ತನ್ನ ಗಂಡ ಮದುವೆಯ ಹೊಸದರಲ್ಲಿ ಅಡುಗೆ ಮಾಡುತ್ತೇನೆಂದು ಹೊರಟು ಸೌಟಿನಿಂದ ಕೆರೆದು ಕೆರೆದು ಪಾತ್ರೆಯ ತಳವನ್ನೇ ಕಿತ್ತುಹಾಕಿದ ಕಥೆಯನ್ನು ಅತ್ತೆ ಹೇಳಿದಳು. ಸೊಸೆ ಅದನ್ನು ನೂರು ಸಲ ಕೇಳಿದ್ದಳು, ಮಗ ಕೇಳಿರಲಿಲ್ಲ. ಹಗಲೆಲ್ಲ ಅವನು ಮನೆಯಲ್ಲಿದ್ದರೆ ತಾನೇ ಕೇಳುವುದು? ಅವನು ನಕ್ಕ. ಆ ನಗು ಕೇಳಿ ಇಸ್ತ್ರಿಯವಳಿಗೆ ದುಃಖ ಉಕ್ಕಿತು. ಇದೇ ಮನುಷ್ಯ ಹೀಗೆ ಬಾಗಿಲು ತೆರೆದಿಟ್ಟು, ಮಧ್ಯಾಹ್ನ ಮನೆಗೆ ಬಂದು, ಉಪ್ಪು ಸರಿಸಿ, ನಗಬಹುದಾಗಿತ್ತಲ್ಲ ಎನ್ನಿಸಿತು. ಅತ್ತೆ ತಟ್ಟೆ ಮುಂದಕ್ಕೆ ತಳ್ಳಿ “ಇನ್ನೊಂದು ಸ್ವಲ್ಪ ಹಾಕು” ಎಂದಳು. ಹಾಕಿದ್ದನ್ನೂ ಪೂರ್ತಿ ಉಂಡಳು.

ಆ ವಾರ ಕಳೆಯುವ ಮೊದಲೇ ಅತ್ತೆ ತೀರಿಕೊಂಡಳು. ಇಸ್ತ್ರಿಯವಳು ಹೋಗಿ ದೂರದಲ್ಲಿ ನಿಂತು ಕೈ ಮುಗಿದು ಬಂದಳು. ಬಂದವರಿಗೆಲ್ಲ ಕೊಟ್ಟ ಕಾಫಿಯನ್ನೂ ಮುಟ್ಟಲಿಲ್ಲ. ಅಲ್ಲಿ ಗಂಡ ಅವಳನ್ನು ಒಂದು ಸಲ ನೋಡಿದ. ಆ ನೋಟದಲ್ಲಿ ಏನಿತ್ತೆಂದು ಅವಳಿಗೆ ತಿಳಿಯಲಿಲ್ಲ, ತಿಳಿಯದ್ದಕ್ಕೇ ಭಯ ಹುಟ್ಟಿತು.

ಆಮೇಲೆ ಆ ಭಯ ಬೆಳೆಯುತ್ತಲೇ ಹೋಯಿತು. ಯಂತ್ರ ನಿಜವಾಗಿಯೂ ಕೆಟ್ಟಿತ್ತೇ? ಅವನೇಕೆ ಅದೇ ಹೊತ್ತಿಗೆ ಬಂದ? ‘ಕೂತ್ಕೋ’ ಎಂದದ್ದು ತಾಯಿಗಾಗಿಯೋ, ತನ್ನನ್ನು ಹಿಡಿದುಹಾಕಲಿಕ್ಕೋ? ಬರಲೇಬೇಕು ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದವನಿಗೆ ಈಗ ಒಂದೇ ಮಾತು ಸಾಕು. ನ್ಯಾಯಾಧೀಶರ ಮುಂದೆ ‘ಉಂಡೆವು’ ಎಂದರೆ ಮುಗಿಯಿತು, ಅಮೀನ ಬರುತ್ತಾನೆ, ಆ ಬಾಗಿಲು ಮತ್ತೆ ಹೊರಗಿನಿಂದ ಮುಚ್ಚುತ್ತದೆ. ಈ ಸಲ ಒಳಗೆ ಅತ್ತೆಯೂ ಇರುವುದಿಲ್ಲ. ಇದನ್ನೇ ಯೋಚಿಸುತ್ತಾ ಒಂದು ದಿನ ಇಸ್ತ್ರಿಪೆಟ್ಟಿಗೆಯನ್ನು ಅಂಗಿಯ ಮೇಲೆ ಬಿಟ್ಟು ನಿಂತುಬಿಟ್ಟಳು. ಸುಟ್ಟ ವಾಸನೆಗೆ ಯಜಮಾನಿ ಓಡಿ ಬಂದಳು. ಬೈಯಲು ಬಾಯಿ ತೆರೆದವಳು ಅವಳ ಮುಖ ನೋಡಿ ಕೂರಿಸಿ ಕೇಳಿದಳು. ಎಲ್ಲ ಕೇಳಿದ ಮೇಲೆ ಇಷ್ಟೇ ಹೇಳಿದಳು: “ಇಲ್ಲ ಅಂದುಬಿಡು. ಅವನು ಉಂಡ್ವಿ ಅಂದ್ರೂ ನೀನು ಇಲ್ಲ ಅನ್ನು. ಅನ್ನ ಏನು ಸಾಕ್ಷಿ ಹೇಳೋಕೆ ಬರುತ್ತಾ?”

ವಕೀಲರ ಹತ್ತಿರ ಹೋಗಿ “ಒಂದು ವೇಳೆ ಯಾರಾದ್ರೂ...” ಎಂದು ಶುರುಮಾಡಿದ್ದಷ್ಟೇ, ಅವರು ಎರಡೂ ಕೈ ಎತ್ತಿ ತಡೆದರು. “ನಂಗೆ ಹೇಳ್ಬೇಡಿ. ನೀವು ಹೇಳಿದ್ರೆ ನಂಗೆ ಗೊತ್ತಾಗುತ್ತೆ, ಗೊತ್ತಾದ್ರೆ ಕೋರ್ಟಿಗೆ ಹೇಳ್ಬೇಕಾಗುತ್ತೆ. ನೀವು ಅಲ್ಲಿ ಉಣ್ಣಲಿಲ್ಲ. ಅಷ್ಟೇ.” ಈ ಒಂದು ಸಲ ‘ಆದರೂ’ ಬರಲಿಲ್ಲ.

ವಿಚಾರಣೆಯ ದಿನ ಬಂತು. ನ್ಯಾಯಾಧೀಶರ ಕತ್ತಿನಲ್ಲಿ ಅವಳೇ ಒತ್ತಿದ ಕಾಲರಿತ್ತು. ಮೊದಲು ಅಮೀನನ ವರದಿ ಓದಿದರು. ಹೆಂಡತಿ ಅತ್ತೆಯ ಕಾಯಿಲೆಯಲ್ಲಿ ಆ ಮನೆಗೆ ಹೋಗಿಬರುತ್ತಿದ್ದದ್ದು ನಿಜ. ಒಳಗೆ ಏನು ನಡೆಯಿತೆಂದು ಎದುರು ಮನೆಯ ದರ್ಜಿಯನ್ನು ಕೇಳಲಾಗಿ, ತನ್ನ ಕಣ್ಣು ಸೂಜಿಯ ಮೇಲಿತ್ತು, ಬೇರೇನೂ ಕಾಣಲಿಲ್ಲ ಎಂದು ಹೇಳಿದ್ದಾನೆ. ಇಸ್ತ್ರಿಯವಳು ಮನಸ್ಸಿನಲ್ಲೇ ದರ್ಜಿಗೆ ಕೈ ಮುಗಿದಳು. ಇನ್ನು ಉಳಿದವನು ಒಬ್ಬನೇ.

ಗಂಡನನ್ನು ಕರೆದರು. ಅವನು ಪ್ರಮಾಣ ಮಾಡಿ ಕಟಕಟೆಯ ಕಂಬಿ ಹಿಡಿದು ನಿಂತ. ಕೋಟಿನ ಗುಂಡಿಗಳನ್ನು ತಪ್ಪಾಗಿ ಹಾಕಿಕೊಂಡಿದ್ದ. ಮನೆಯಲ್ಲಿ ಹೇಳುವವರು ಯಾರೂ ಇರಲಿಲ್ಲವಲ್ಲ.

“ಈ ಮೂರು ವರ್ಷದಲ್ಲಿ ನೀವಿಬ್ಬರೂ ಒಂದೇ ಮನೆಯಲ್ಲಿ ರಾತ್ರಿ ಕಳೆದದ್ದು ಉಂಟೇ?”

“ಇಲ್ಲ ಸ್ವಾಮಿ.”

“ಒಂದು ಮೇಜಿನಲ್ಲಿ ಕೂತು ಊಟ ಮಾಡಿದ್ದು?”

ಇಸ್ತ್ರಿಯವಳು ಕಣ್ಣು ಮುಚ್ಚಿಕೊಂಡಳು.

“ಇಲ್ಲ ಸ್ವಾಮಿ. ಅಮ್ಮನ್ನ ನೋಡೋಕೆ ಬರ್ತಿದ್ಳು. ಮೆಟ್ಟಿಲ ಮೇಲೆ ಕೂತು ತನ್ನ ಡಬ್ಬಿ ತಾನು ಉಂಡು ಹೋಗ್ತಿದ್ಳು. ನಮ್ಮನೆ ನೀರೂ ಮುಟ್ಟಿಲ್ಲ.”

“ನಿಮ್ಮ ತಾಯಿಯ ಕೊನೆಯ ದಿನಗಳಲ್ಲೂ?”

“ಆಗ್ಲೂ ಇಲ್ಲ.”

“ಹಾಗಾದರೆ ಆಕೆಗೆ ಊಟ?”

“ನಾನು ಕೆಲಸಕ್ಕೆ ಹೋಗ್ತಿದ್ದೆ ಸ್ವಾಮಿ. ಅಮ್ಮ ಒಬ್ಳೇ ಉಣ್ತಿದ್ಳು.”

ಇಸ್ತ್ರಿಯವಳು ಕಣ್ಣು ತೆರೆದು ಅವನನ್ನು ನೋಡಿದಳು. ತನ್ನನ್ನು ಬೀಗ ಹಾಕಿಟ್ಟಿದ್ದ ಮನುಷ್ಯ ಇವನೇ. ಈಗ ಒಂದು ಸುಳ್ಳು ಹೇಳಿ ಅವಳನ್ನು ಹೊರಗೆ ಬಿಡುತ್ತಿದ್ದಾನೆ, ತನ್ನ ತಾಯಿಯನ್ನು ಒಬ್ಬಳೇ ಉಣ್ಣಲು ಬಿಟ್ಟ ಮಗ ಎಂದು ಎಲ್ಲರೆದುರಿಗೆ ಅನ್ನಿಸಿಕೊಂಡು. ಆಮೇಲೆ ಅವಳ ಸರದಿ ಬಂತು. ಅದೇ ಪ್ರಶ್ನೆ. ದಿನಗಟ್ಟಲೆ ಹಲಗೆಯ ಮುಂದೆ ನಿಂತು ಬಾಯಿಪಾಠ ಮಾಡಿದ್ದ ಉತ್ತರ, ನೀರು ಕುಡಿದಷ್ಟು ಸುಲಭವಾಗಿ ಬರುತ್ತದೆ ಅಂದುಕೊಂಡಿದ್ದಳು. ಈಗ ಅದು ಬರಲಿಲ್ಲ. ಇಲ್ಲ ಎಂದರೆ ಆ ಮೇಜಿನಲ್ಲಿ ಅತ್ತೆಯ ಎದುರಿಗೆ ಯಾರೂ ಇರಲಿಲ್ಲ ಎಂದಾಗುತ್ತದೆ. ಉಪ್ಪು ಸರಿಸಿದವರಿಲ್ಲ, ಕಥೆ ಕೇಳಿ ನಕ್ಕವರಿಲ್ಲ. ಒಬ್ಬಳೇ ಉಣ್ಣಲು ಅಂಜುತ್ತಿದ್ದ ಮುದುಕಿ ಒಬ್ಬಳೇ ಉಂಡು ಸತ್ತಳು ಎಂದು ತಾನೂ ಪ್ರಮಾಣ ಮಾಡಿ ಹೇಳಬೇಕು. ನ್ಯಾಯಾಧೀಶರು ಪ್ರಶ್ನೆಯನ್ನು ಮತ್ತೊಮ್ಮೆ ಕೇಳಿದರು.

“ಇಲ್ಲ ಸ್ವಾಮಿ” ಎಂದಳು.

ಮದುವೆ ರದ್ದಾಯಿತು. ಹೊರಗೆ ಬಂದ ಮೇಲೆ ವಕೀಲರು ಪಿಸುಗುಟ್ಟಿದರು. “ಗೆದ್ರಿ. ಆದರೂ ಇನ್ನು ಆರು ತಿಂಗಳು ಜೋಪಾನ. ಅಷ್ಟರೊಳಗೆ ಯಾರು ಬೇಕಾದ್ರೂ ತಕರಾರು ಎತ್ತಬಹುದು. ಮುದ್ರೆ ಬೀಳೋ ತನಕ ಯಾರ ಹತ್ರನೂ ತುಟಿ ಬಿಚ್ಚಬೇಡಿ. ನಿಮ್ಮ ಗಂಡನ ಹತ್ರ ಅಂತೂ ಬೇಡವೇ ಬೇಡ.” ಹೇಳಿ ಅವರು ಇನ್ನೊಂದು ಕೇಸಿಗೆ ಓಡಿದರು.

ಮೊಗಸಾಲೆಯಲ್ಲಿ ಜನ ಕಡಿಮೆಯಾಗಿದ್ದರು. ಗೋಡೆಗೆ ಒರಗಿ ಅಮೀನ ಚೀಲದಿಂದ ಕಾಗದ ತೆಗೆದು ಜೋಡಿಸುತ್ತಿದ್ದ. ಗಂಡ ಅವಳ ಹತ್ತಿರ ಬಂದು ನಿಂತ. ಅವಳು ಮಾತಾಡಬಾರದೆಂದು ಅವನಿಗೂ ಗೊತ್ತಿತ್ತು, ಗೊತ್ತಿಲ್ಲದ ಕಾನೂನು ಯಾವುದಿತ್ತು ಅವನಿಗೆ? ಆದರೂ ತಡೆದುಕೊಳ್ಳಲಾಗದವನ ಹಾಗೆ ಬಹಳ ಮೆತ್ತಗೆ ಕೇಳಿದ.

“ಅಮ್ಮ ಅವತ್ತು ಎರಡನೇ ಸಲ ಹಾಕಿಸ್ಕೊಂಡ್ಳು ಅಲ್ವಾ? ನಾನು ನಿಜವಾಗ್ಲೂ ನೋಡಿದ್ನೋ, ಹಾಗಂದ್ಕೊಂಡ್ನೋ... ಮನೇಲಿ ಕೂತು ಯೋಚ್ನೆ ಮಾಡಿ ಮಾಡಿ ಏನೂ ಗೊತ್ತಾಗ್ತಿಲ್ಲ. ಕೇಳೋಣ ಅಂದ್ರೆ ಬೇರೆ ಯಾರೂ ಇಲ್ಲ.”

ಅಮೀನ ಕಾಗದ ಜೋಡಿಸುವುದನ್ನು ನಿಲ್ಲಿಸಿ ಈ ಕಡೆ ತಿರುಗಿದ.

ಹೌದು ರೀ, ಹಾಕಿಸ್ಕೊಂಡ್ರು, ಪೂರ್ತಿ ಉಂಡ್ರು ಎಂಬ ಮಾತು ಅವಳ ನಾಲಿಗೆಯ ತುದಿಯಲ್ಲಿತ್ತು. ಅಮೀನನ ಕಣ್ಣು ಅವಳ ಬಾಯಿಯ ಮೇಲಿತ್ತು.

“ನಂಗೊತ್ತಿಲ್ಲ” ಎಂದಳು. “ನಾನು ಅಲ್ಲಿರ್ಲಿಲ್ಲ.”

ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. “ಹೌದು” ಎಂದ. “ನೀನಿರ್ಲಿಲ್ಲ.” ತಪ್ಪಾಗಿ ಹಾಕಿಕೊಂಡ ಗುಂಡಿಗಳ ಕೋಟನ್ನು ಎಳೆದುಕೊಂಡು ಮೆಟ್ಟಿಲಿಳಿದು ಹೋದ.

ಆರು ತಿಂಗಳು ಅವಳು ಬಾಯಿ ಬಿಗಿಹಿಡಿದು ಬದುಕಿದಳು. ಪೆಟ್ಟಿಗೆಗೆ ಇದ್ದಿಲು ತುಂಬುವಾಗಲೂ, ಕಾಲರು ಒತ್ತುವಾಗಲೂ ಮನಸ್ಸಿನಲ್ಲಿ ಒಂದೇ ಮಾತು: ಮುದ್ರೆ ಬಿದ್ದ ದಿನ ಹೋಗಿ ಹೇಳಿಬಿಡಬೇಕು. ಅವನ ಜೊತೆ ಬಾಳಲು ಅವಳಿಗೆ ಆಸೆ ಇರಲಿಲ್ಲ, ಎಳ್ಳಷ್ಟೂ ಇರಲಿಲ್ಲ. ಬಾಗಿಲಲ್ಲೇ ನಿಂತು ಆ ಒಂದು ಮಾತು ಹೇಳಿ ಬರಬೇಕು ಅಷ್ಟೇ. ಕೊನೆಗೂ ಮುದ್ರೆ ಬಿದ್ದ ಕಾಗದ ಬಂತು. ಯಜಮಾನಿ ಎಲ್ಲರಿಗೂ ಸಿಹಿ ಹಂಚಿದಳು. ಇಸ್ತ್ರಿಯವಳು ಅರ್ಧ ದಿನದ ರಜೆ ಕೇಳಿ ಹಳೆಯ ಬೀದಿಗೆ ನಡೆದಳು.

ಆ ಮನೆಯ ಕಿಟಕಿಗೆ ಹೊಸ ಪರದೆ ಕಟ್ಟಿತ್ತು. ಒಳಗಿನಿಂದ ಯಾವುದೋ ಮಗುವಿನ ಅಳು ಕೇಳುತ್ತಿತ್ತು. ಅವಳು ಬೀದಿ ದಾಟಿ ದರ್ಜಿಯ ಕಿಟಕಿಯ ಹತ್ತಿರ ಹೋದಳು.

“ಅವರು ಹೋಗಿ ತಿಂಗಳ ಮೇಲಾಯ್ತಮ್ಮ” ಎಂದ ದರ್ಜಿ. “ಬೇರೆ ಯಾವುದೋ ಊರಲ್ಲಿ ಅಚ್ಚುಕೂಟ ಸೇರ್ಕೊಂಡ್ರಂತೆ. ಯಾವ ಊರು ಅಂತ ನಮಗ್ಯಾರಿಗೂ ಹೇಳ್ಲಿಲ್ಲ. ಮೊದಲಿಂದ್ಲೂ ಅವರದು ಮಾತು ಕಡಿಮೆ ಅಲ್ವಾ?”

ಅವಳು ಕಿಟಕಿಯ ಸರಳು ಹಿಡಿದು ನಿಂತಳು. ಇಷ್ಟು ದಿನ ಹೊತ್ತು ತಂದ ಮಾತನ್ನು ಯಾರ ಮುಂದಾದರೂ ಇಳಿಸದೆ ವಾಪಸು ಹೋಗಲು ಅವಳಿಂದಾಗಲಿಲ್ಲ. ಈ ಮನುಷ್ಯ ಅವತ್ತು ಮಿಷನ್ನು ನಿಲ್ಲಿಸಿ ನೋಡಿದವನು, ಎಲ್ಲವನ್ನೂ ಕಣ್ಣಾರೆ ಕಂಡವನು.

“ಅವತ್ತು ಅತ್ತೆ ಎರಡು ಸಲ ಹಾಕಿಸ್ಕೊಂಡು ಉಂಡ್ರು” ಎಂದಳು. “ನೀವು ನೋಡಿದ್ರಲ್ಲ.”

ದರ್ಜಿ ಬೀದಿಯ ಆ ಕೊನೆ, ಈ ಕೊನೆ ನೋಡಿದ. ಆಮೇಲೆ ತನ್ನ ಸ್ವಂತ ಮಗಳಿಗೆ ಧೈರ್ಯ ಹೇಳುವವನಂತೆ ದನಿ ತಗ್ಗಿಸಿದ.

“ನಾನೇನೂ ನೋಡಿಲ್ಲ ತಾಯಿ. ನಂಗೇನೂ ಗೊತ್ತಿಲ್ಲ. ನಾಳೆ ಯಾರೇ ಬಂದು ಕೇಳಿದ್ರೂ ನಾನು ಇದನ್ನೇ ಹೇಳೋದು. ನೀನು ನಿಶ್ಚಿಂತೆಯಾಗಿರು.”

ಇಸ್ತ್ರಿಯವಳಿಗೆ ಅಲ್ಲಿಯವರೆಗೆ ಬಾರದ ಅಳು ಈಗ ಬಂತು. ಬೀದಿಯಲ್ಲಿ, ಹಾಡಹಗಲಲ್ಲಿ, ಸರಳು ಹಿಡಿದುಕೊಂಡೇ ಅತ್ತಳು. ದರ್ಜಿ ಏನೂ ತೋಚದೆ ಹೊಲಿಯುತ್ತಿದ್ದ ಬಟ್ಟೆಯನ್ನು ಪಕ್ಕಕ್ಕಿಟ್ಟು, ಒಳಗಿನಿಂದ ಒಂದು ಕುರ್ಚಿ ತಂದು ಬಾಗಿಲ ಮುಂದೆ ಹಾಕಿ, ಅವಳಿಗೆ ನೀರು ತರಲು ಹೋದ.